ಖಾನಾವಳಿಯ ಊಟವೂ ಒಗ್ಗದ ಆಹಾರವೂ

ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಖಾನಾವಳಿಗಳಿಗೆ ಕೊರತೆಯಿಲ್ಲ. ಮಧ್ಯಾಹ್ನ ಹನ್ನೆರಡು ಹೊಡೆದರೆ ಸಾಕು, ಒಳಗಡೆ ರೊಟ್ಟಿ ಬಡಿಯುವ ಸಪ್ಪಳವು ರಸ್ತೆಯವರೆಗೂ ಕೇಳಿಸುತ್ತದೆ. ಸಂತೆಗೆ ಬಂದ ರೈತ, ಕಚೇರಿಯ ಕೆಲಸಕ್ಕಾಗಿ ಬಂದ ಹಳ್ಳಿಯವರು, ಕಾಲೇಜಿನ ವಿದ್ಯಾರ್ಥಿ, ಭತ್ತದ ಲಾರಿಯ ಚಾಲಕ, ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವರು. ತಟ್ಟೆಗೆ ಮೊದಲು ಬರುವುದು ಜೋಳದ ರೊಟ್ಟಿ. ಅದರ ಮಗ್ಗುಲಲ್ಲಿ ಬದನೆಕಾಯಿಯ ಎಣ್ಣೆಗಾಯಿ, ಯಾವುದಾದರೊಂದು ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿ ಇಲ್ಲವೆ ಗುರೆಳ್ಳು ಹಿಂಡಿ, ಅದರ ಮೇಲೊಂದು ಚಮಚ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಈ ಊಟದ ರುಚಿಯನ್ನು ಬಲ್ಲವರಿಗೆ ವರ್ಣಿಸಬೇಕಾದುದಿಲ್ಲ. ಅರಿಯದವರಿಗೆ ವರ್ಣಿಸಿ ಪ್ರಯೋಜನವಿಲ್ಲ.

ಈಗ ಇದೇ ತಟ್ಟೆಯನ್ನು ಬೇರೊಂದು ದೃಷ್ಟಿಯಿಂದ ನೋಡೋಣ. ಇದರಲ್ಲಿ ಶೇಂಗಾ ಎಲ್ಲೆಲ್ಲಿದೆ? ಹಿಂಡಿಯಲ್ಲಿ ಇದೆಯೆಂಬುದು ಕಣ್ಣಿಗೇ ಕಾಣುತ್ತದೆ. ಎಣ್ಣೆಗಾಯಿಯ ಒಡಲಿನಲ್ಲಿ ತುಂಬಿದ ಮಸಾಲೆಯಲ್ಲಿಯೂ ಹುರಿದು ಕುಟ್ಟಿದ ಶೇಂಗಾ ಪುಡಿಯೇ ಮುಖ್ಯವಾದುದು. ಕಾಳಿನ ಪಲ್ಯದ ರಸವನ್ನು ಗಟ್ಟಿಮಾಡುವುದಕ್ಕೆ ಅದೇ ಪುಡಿಯನ್ನು ಒಂದು ಹಿಡಿ ಉದುರಿಸುವುದುಂಟು. ಗುರೆಳ್ಳು ಹಿಂಡಿಯನ್ನು ಕುಟ್ಟಿದ ಒರಳಿನಲ್ಲಿ ಸ್ವಲ್ಪ ಮೊದಲು ಶೇಂಗಾ ಕುಟ್ಟಿರಬಹುದು. ಒಗ್ಗರಣೆಯ ಎಣ್ಣೆ ಗಾಣದ ಶೇಂಗಾ ಎಣ್ಣೆಯಾಗಿರಬಹುದು. ಕೊನೆಗೆ ಇವೆಲ್ಲವನ್ನೂ ಬಡಿಸುವಾತನ ಕೈಯಲ್ಲಿರುವ ಚಮಚ ಒಂದೇ. ನೂರರಲ್ಲಿ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ಇದರಿಂದ ಸಂತೋಷವೇ ಹೊರತು ಕೇಡಿಲ್ಲ. ಉಳಿದ ಅತ್ಯಲ್ಪ ಜನರಿಗೆ ಮಾತ್ರ ಆ ಚಮಚವು ಪ್ರಾಣದ ಪ್ರಶ್ನೆಯಾಗುತ್ತದೆ. ಅಂಥವರು ಮನೆಯ ಹೊರಗೆ ಹೇಗೆ ಉಣ್ಣಬೇಕು ಎಂಬುದೇ ಈ ಲೇಖನದ ವಿಷಯ.

ಆಹಾರವು ಒಗ್ಗದಿರುವುದಕ್ಕೆ ಅಲರ್ಜಿ ಎಂಬ ಹೆಸರು ಈಗ ಎಲ್ಲರ ಬಾಯಲ್ಲಿಯೂ ಇದೆ. ಆ ಶಬ್ದವನ್ನು 1906ರಲ್ಲಿ ಹುಟ್ಟಿಸಿದವನು ವಿಯೆನ್ನಾ ನಗರದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಅದಕ್ಕೂ ನಾಲ್ಕು ವರ್ಷಗಳ ಹಿಂದೆ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬಿಬ್ಬರು ಒಂದು ವಿಚಿತ್ರವನ್ನು ಕಂಡಿದ್ದರು. ಕಡಲ ಜೀವಿಯೊಂದರ ವಿಷವನ್ನು ಅವರು ನಾಯಿಗಳಿಗೆ ಚುಚ್ಚಿದರು. ಮೊದಲ ಸಲ ತಾಳಿಕೊಂಡು ಬದುಕಿದ ನಾಯಿಗೆ ಕೆಲವು ವಾರಗಳ ಮೇಲೆ ಇನ್ನೂ ಸ್ವಲ್ಪವೇ ವಿಷವನ್ನು ಕೊಟ್ಟಾಗ ಅದು ತಾಳಿಕೊಳ್ಳುವುದಕ್ಕೆ ಬದಲಾಗಿ ಕ್ಷಣಗಳಲ್ಲಿ ಏದುಸಿರುಬಿಟ್ಟು ಕುಸಿದು ಸತ್ತಿತು. ರೋಗ ಒಮ್ಮೆ ಬಂದು ಹೋದರೆ ದೇಹವು ಅದರ ವಿರುದ್ಧ ಬಲಗೊಳ್ಳುವುದೆಂದು ತಿಳಿದಿದ್ದ ಕಾಲದಲ್ಲಿ ಇದು ತಲೆಕೆಳಗಾದ ಸಂಗತಿ. ರಕ್ಷಣೆಗೆ ವಿರುದ್ಧವಾದುದೆಂಬ ಅರ್ಥದಲ್ಲಿ ಅವರು ಇದನ್ನು ಅನಾಫಿಲಾಕ್ಸಿಸ್ ಎಂದು ಕರೆದರು. ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನನಗೆ ಇದಕ್ಕಿಂತಲೂ ಪ್ರಿಯವಾದ ಪ್ರಯೋಗ ಮತ್ತೊಂದುಂಟು. 1921ರಲ್ಲಿ ಬ್ರೆಸ್ಲಾವ್ ನಗರದಲ್ಲಿ ಕಾರ್ಲ್ ಪ್ರಾಸ್ನಿಟ್ಸ್ ಮತ್ತು ಹೈನ್ಸ್ ಕ್ಯೂಸ್ಟ್ನರ್ ಎಂಬ ಇಬ್ಬರು ವೈದ್ಯರು ಕೆಲಸಮಾಡುತ್ತಿದ್ದರು. ಕ್ಯೂಸ್ಟ್ನರನಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಪ್ರಾಸ್ನಿಟ್ಸನಿಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಕ್ಯೂಸ್ಟ್ನರನ ರಕ್ತರಸದ ಒಂದೆರಡು ಹನಿಗಳನ್ನು ಪ್ರಾಸ್ನಿಟ್ಸನು ತನ್ನ ಹೊಟ್ಟೆಯ ಚರ್ಮದೊಳಕ್ಕೆ ಚುಚ್ಚಿಸಿಕೊಂಡನು. ಮರುದಿನ ಅದೇ ಸ್ಥಳಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ, ಅಷ್ಟು ಜಾಗದಲ್ಲಿ ಮಾತ್ರ ಗಂಧೆಯೆದ್ದು ಕೆಂಪಗೆ ಊದಿಕೊಂಡಿತು! ಮೀನು ತಿಂದು ಜೀರ್ಣಿಸಿಕೊಳ್ಳುವ ಮನುಷ್ಯನ ಮೈಮೇಲೆಯೇ ಮೀನು ಒಗ್ಗದ ಒಂದು ಅಂಗುಲ ಚರ್ಮವು ನಿರ್ಮಾಣವಾಯಿತು. ದೋಷವು ಮೀನಿನಲ್ಲಿಲ್ಲ, ಹೊಟ್ಟೆಯಲ್ಲಿಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಅದು ರಕ್ತದಲ್ಲಿ ಹರಿಯುವ, ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಬಹುದಾದ ಯಾವುದೋ ದ್ರವ್ಯ ಎಂಬುದು ಇಷ್ಟರಿಂದಲೇ ಸಿದ್ಧವಾಯಿತು. ದುಬಾರಿಯಾದ ಯಂತ್ರೋಪಕರಣಗಳಿಲ್ಲದೆ, ಒಂದು ಸೂಜಿಯಿಂದ ಇಷ್ಟನ್ನು ಸಾಧಿಸಿದುದನ್ನು ನೆನೆದಾಗ ಭೌತವಿಜ್ಞಾನ ಕಲಿಸುವ ನನ್ನಂಥವನಿಗೂ ಅಸೂಯೆಯಾಗುತ್ತದೆ. ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಬೇರೆ ರೋಗಗಳು ಅಂಟುವ ಭಯವಿರುವುದರಿಂದ ಈ ಪರೀಕ್ಷೆಯನ್ನು ಈಗ ಮಾಡುವುದಿಲ್ಲ.

ಆ ದ್ರವ್ಯವು ಯಾವುದೆಂಬುದು ತಿಳಿಯಲು ಮತ್ತೆ ನಲವತ್ತೈದು ವರ್ಷಗಳು ಹಿಡಿದವು. ಅಮೆರಿಕದಲ್ಲಿದ್ದ ಜಪಾನಿನ ದಂಪತಿಗಳಾದ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕ, ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್, ಬೇರೆಬೇರೆ ದಾರಿಗಳಿಂದ ಒಂದೇ ವಸ್ತುವಿಗೆ ಬಂದು ಮುಟ್ಟಿದರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ಅಧಿಕೃತವಾಯಿತು. ಅದರ ಕೆಲಸವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ನಮ್ಮ ಚರ್ಮ, ಮೂಗು, ಶ್ವಾಸನಾಳ, ಕರುಳುಗಳ ಗೋಡೆಗಳಲ್ಲಿ ಮಾಸ್ಟ್ ಕೋಶಗಳೆಂಬ ಜೀವಕೋಶಗಳಿವೆ. ಒಂದೊಂದರ ಒಳಗೂ ಹಿಸ್ಟಮಿನ್ ಮುಂತಾದ ತೀಕ್ಷ್ಣ ದ್ರವ್ಯಗಳ ಸಣ್ಣ ಸಣ್ಣ ಚೀಲಗಳು ತುಂಬಿರುತ್ತವೆ. ಕೋಶದ ಮೈಮೇಲೆ ಐಜಿಇ ಅಣುಗಳು ಕೊಂಡಿಗಳಂತೆ ನಿಂತಿರುತ್ತವೆ. ಶೇಂಗಾದ ಪ್ರೋಟೀನಿಗೆ ಹೊಂದುವ ಕೊಂಡಿಗಳು ಒಬ್ಬನ ಮೈಯಲ್ಲಿ ಹುಟ್ಟಿಕೊಂಡಿವೆಯೆನ್ನಿ. ಆ ಪ್ರೋಟೀನಿನ ಒಂದು ಅಣುವು ಬಂದು ಎರಡು ಕೊಂಡಿಗಳನ್ನು ಒಟ್ಟಿಗೆ ಹಿಡಿದುಕೊಂಡಿತೋ, ಚೀಲಗಳೆಲ್ಲ ಒಡೆದು ಹೊರಚೆಲ್ಲುತ್ತವೆ. ತುಟಿ ಜುಮ್ಮೆನ್ನುವುದು, ಮೈಯೆಲ್ಲ ಗಂಧೆಯೇಳುವುದು, ಕಣ್ಣು-ನಾಲಗೆಗಳು ಊದುವುದು, ವಾಂತಿ, ದನಿ ಒಡೆಯುವುದು, ಉಸಿರು ಸಿಕ್ಕುವುದು, ರಕ್ತದ ಒತ್ತಡ ಕುಸಿದು ಕಣ್ಣು ಕತ್ತಲಿಡುವುದು, ಇವೆಲ್ಲ ಅದರ ಫಲಗಳು. ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಲ್ಲಿ, ತಡವಾದರೆ ಎರಡು ಗಂಟೆಗಳ ಒಳಗೆ ಇದು ನಡೆದುಹೋಗುತ್ತದೆ. ರಾತ್ರಿಯ ಊಟಕ್ಕೆ ಮರುದಿನ ಸಂಜೆ ಹೊಟ್ಟೆ ಕೆಟ್ಟರೆ ಅದನ್ನು ಬೇರೆ ಕಾರಣದಲ್ಲಿ ಹುಡುಕಬೇಕು.

ಅಡುಗೆಯಲ್ಲಿ ಬೆಂಕಿ ತಾಗಿದ ಮೇಲೆ ಎಲ್ಲ ದೋಷವೂ ಸುಟ್ಟುಹೋಗುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕ್ರಿಮಿಗಳ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ. ಪ್ರೋಟೀನುಗಳ ಮಟ್ಟಿಗೆ ಹಾಗಲ್ಲ. ಸೇಬಿನ ಒಂದು ಮುಖ್ಯ ಪ್ರೋಟೀನು ಬೇಯಿಸಿದರೆ ತನ್ನ ಆಕಾರವನ್ನು ಕಳೆದುಕೊಳ್ಳುತ್ತದೆ; ಹಸಿಯ ಸೇಬು ಒಗ್ಗದ ಎಷ್ಟೋ ಮಂದಿಗೆ ಬೇಯಿಸಿದ ಸೇಬು ಒಗ್ಗುತ್ತದೆ. ಶೇಂಗಾದ ಕಥೆ ಇದಕ್ಕೆ ವಿರುದ್ಧ. ಅದರ ಅತ್ಯಂತ ಅಪಾಯಕರವಾದ ಪ್ರೋಟೀನುಗಳಲ್ಲೊಂದು ಗಂಧಕದ ಪರಮಾಣುಗಳ ಬಂಧಗಳಿಂದ ಒಳಗೊಳಗೇ ಹೊಲಿದುಕೊಂಡು ಬಿಗಿಯಾಗಿದೆ. ನೀರು ಕುದಿಯುವ 100 ಡಿಗ್ರಿಯ ಶಾಖವಾಗಲಿ, ಜಠರದ ಆಮ್ಲವಾಗಲಿ ಆ ಹೊಲಿಗೆಯನ್ನು ಸುಲಭವಾಗಿ ಬಿಚ್ಚಲಾರದು. ಕುದಿಸಿದಾಗ ಪ್ರೋಟೀನಿನ ಸ್ವಲ್ಪ ಭಾಗವು ನೀರಿನಲ್ಲಿ ಇಳಿದುಹೋಗಿ ಕಾಳಿನ ತೀಕ್ಷ್ಣತೆ ಕೊಂಚ ತಗ್ಗುತ್ತದೆ. ಒಣದಾಗಿ ಹುರಿದಾಗ ಶಾಖವು 100 ಡಿಗ್ರಿಯನ್ನು ಬಹಳವಾಗಿ ಮೀರುತ್ತದೆ, ಪ್ರೋಟೀನಿಗೂ ಸಕ್ಕರೆಗೂ ಸಂಯೋಗವಾಗಿ ಆ ಘಮಘಮ ವಾಸನೆಯೂ ಕಂದು ಬಣ್ಣವೂ ಬರುತ್ತವೆ. ಅದರೊಂದಿಗೆ ಐಜಿಇ ಕೊಂಡಿಗಳನ್ನು ಹಿಡಿಯುವ ಶಕ್ತಿಯೂ ಹೆಚ್ಚುವುದೆಂದು 2001ರಲ್ಲಿ ಅಮೆರಿಕದ ಶಾಸ್ತ್ರಜ್ಞರು ತೋರಿಸಿದರು. ನಮ್ಮ ಹಿಂಡಿಗೂ ಎಣ್ಣೆಗಾಯಿಗೂ ಬೀಳುವುದು ಹುರಿದ ಶೇಂಗಾವೇ ಎಂಬುದನ್ನು ಗಮನಿಸಬೇಕು.

ಎಷ್ಟು ಶೇಂಗಾ ತಿಂದರೆ ಅಪಾಯ? ಇಲ್ಲಿ ಸ್ವಲ್ಪ ಲೆಕ್ಕಮಾಡೋಣ. ಒಂದು ಕಾಳಿನ ತೂಕ ಸುಮಾರು ಅರ್ಧ ಗ್ರಾಂ. ಅದರ ಕಾಲುಭಾಗ ಪ್ರೋಟೀನು, ಅಂದರೆ ಸುಮಾರು 125 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳು ಕೂಡಿ 2021ರಲ್ಲಿ ಕರೆದ ತಜ್ಞರ ಸಭೆಯು, ಶೇಂಗಾಕ್ಕೆ ಸಂಬಂಧಿಸಿದಂತೆ 2 ಮಿಲಿಗ್ರಾಂ ಪ್ರೋಟೀನನ್ನು ಗುರುತಿನ ಪ್ರಮಾಣವಾಗಿ ಸೂಚಿಸಿತು. ಶೇಂಗಾ ಒಗ್ಗದವರಲ್ಲಿ ನೂರಕ್ಕೆ ಸುಮಾರು ಐದು ಮಂದಿಗೆ ಅಷ್ಟರಿಂದಲೇ ಏನಾದರೊಂದು ಚಿಹ್ನೆ ಕಾಣಿಸಿಕೊಳ್ಳಬಹುದು. ಒಂದು ಕಾಳನ್ನು ಅರವತ್ತು ಚೂರು ಮಾಡಿದರೆ ಒಂದು ಚೂರಿನಲ್ಲಿರುವುದು ಅಷ್ಟು. ಅರ್ಧ ಕಿಲೊಗ್ರಾಂ ತೂಗುವ ಊಟದಲ್ಲಿ 2 ಮಿಲಿಗ್ರಾಂ ಎಂದರೆ ಟನ್ನಿಗೆ 4 ಗ್ರಾಂ. ಲಿಂಗಸುಗೂರು ತಾಲ್ಲೂಕಿನವರಿಗೆ ಈ ಪ್ರಮಾಣವು ಅಪರಿಚಿತವಲ್ಲ. ಹಟ್ಟಿಯ ಗಣಿಯಲ್ಲಿ ಒಂದು ಟನ್ನು ಅದುರನ್ನು ಅಗೆದು ಪುಡಿಮಾಡಿ ತೊಳೆದರೆ ಸಿಗುವ ಚಿನ್ನವೂ ಕೆಲವೇ ಗ್ರಾಂ. ಅದುರಿನ ಕಲ್ಲನ್ನು ಕೈಯಲ್ಲಿ ಹಿಡಿದು ಚಿನ್ನವನ್ನು ಕಣ್ಣಿನಿಂದ ಹುಡುಕುವುದು ಹೇಗೆ ಸಾಧ್ಯವಿಲ್ಲವೋ, ತಟ್ಟೆಯ ಪಲ್ಯವನ್ನು ಕೆದಕಿ ನೋಡಿ ಶೇಂಗಾ ಇಲ್ಲವೆಂದು ನಿರ್ಣಯಿಸುವುದೂ ಹಾಗೆಯೇ ಸಾಧ್ಯವಿಲ್ಲ. ಹಿಂಡಿಗೆ ಅದ್ದಿದ ಚಮಚವನ್ನು ಕೊಡವಿ ಪಲ್ಯಕ್ಕೆ ಅದ್ದಿದರೆ 2 ಮಿಲಿಗ್ರಾಮಿನ ಎಷ್ಟೋ ಪಟ್ಟು ಅದರೊಡನೆ ಬರುತ್ತದೆ.

ಕಣ್ಣಿನಿಂದ ತಿಳಿಯದಿದ್ದರೆ ಬಾಯಿಂದ ಕೇಳಿಯಾದರೂ ತಿಳಿಯಬಹುದಷ್ಟೆ ಎನ್ನುವಿರಾ? ಅದರಲ್ಲಿಯೂ ಒಂದು ತೊಡಕಿದೆ. ನನ್ನ ತರಗತಿಯ ವಿದ್ಯಾರ್ಥಿಯೊಬ್ಬನಿಗೆ ಚಿಕ್ಕಂದಿನಿಂದಲೂ ಶೇಂಗಾ ಒಗ್ಗದು. ದಿನವೂ ಹಳ್ಳಿಯಿಂದ ಬುತ್ತಿ ತರುವ ಹುಡುಗ, ಪರೀಕ್ಷೆಯ ದಿನವೊಂದರಲ್ಲಿ ಬುತ್ತಿಯಿಲ್ಲದೆ ಊಟಕ್ಕೆ ಖಾನಾವಳಿಗೆ ಹೋದನು. ತನ್ನ ಎಚ್ಚರದಲ್ಲಿ ತಾನಿದ್ದು, ಎಣ್ಣೆಗಾಯಿ ಬಡಿಸಲು ಬಂದವನನ್ನು ಕೇಳಿಯೂ ಕೇಳಿದನು: "ಅಣ್ಣಾರ, ಇದರಾಗ ಶೇಂಗಾ ಐತೇನ್ರಿ?"

"ಶೇಂಗಾ ಎಲ್ಲಿಂದೋ ತಮ್ಮಾ, ಬದನಿಕಾಯಿ ಐತಿ. ಉಣ್ಣು."

ಎರಡು ತುತ್ತು ಉಣ್ಣುವಷ್ಟರಲ್ಲಿ ಅವನ ತುಟಿ ಊದಿತು. ಕೈತೊಳೆದು ಹೊರಬರುವಷ್ಟರಲ್ಲಿ ಉಸಿರು ಸುಯ್ಗುಟ್ಟತೊಡಗಿತು. ಜೊತೆಯ ಹುಡುಗರು ತಡಮಾಡದೆ ಆಸ್ಪತ್ರೆಗೆ ಸೇರಿಸಿದುದರಿಂದ ಬದುಕಿದನು. ಮರುದಿನ ನಾನು ಆ ಖಾನಾವಳಿಗೆ ಹೋಗಿ ಅಡುಗೆಮಾಡುವ ತಾಯಿಯನ್ನು ಕೇಳಿದೆ. ಆಕೆ ಏನನ್ನೂ ಮುಚ್ಚಿಡಲಿಲ್ಲ. "ಮಸಾಲಿಗೆ ಪುಡಿ ಹಾಕ್ತೀವ್ರಿ ಸರ. ಪುಡಿ ಇಲ್ಲದ ಎಣ್ಣೆಗಾಯಿ ಹೆಂಗಾಗ್ತದ್ರಿ?" ಎಂದಳು. ಯಾವ ಪುಡಿಯೆಂದು ಮತ್ತೆ ಕೇಳಿದ ಮೇಲೆ "ಶೇಂಗಾದ್ದ ರೀ" ಎಂಬ ಉತ್ತರ ಬಂದಿತು.

ಬಡಿಸುವವನು ಸುಳ್ಳು ಹೇಳಿದನೆಂದು ನಾನು ಎಣಿಸುವುದಿಲ್ಲ. ಅವನ ಭಾಷೆಯಲ್ಲಿ ಶೇಂಗಾ ಎಂದರೆ ಕಾಳು. ಹುರಿದು ಕುಟ್ಟಿದ ಮೇಲೆ ಅದು ಪುಡಿಯಾಯಿತು, ಪುಡಿ ಉಳ್ಳಾಗಡ್ಡಿ-ಕೊಬ್ಬರಿಗಳೊಡನೆ ಸೇರಿದ ಮೇಲೆ ಮಸಾಲೆಯಾಯಿತು. ಹೆಸರು ಬದಲಾಯಿತು, ಪ್ರೋಟೀನು ಬದಲಾಗಲಿಲ್ಲ. ಆದಕಾರಣ ಕೇಳಬೇಕಾದ ಪ್ರಶ್ನೆಯೇ ಬೇರೆ. ಬಡಿಸುವವರನ್ನು ಬಿಟ್ಟು ಅಡುಗೆಮಾಡುವವರನ್ನು ಕೇಳಬೇಕು; "ಶೇಂಗಾ ಇದೆಯೇ" ಎಂದು ಕೇಳುವುದಕ್ಕೆ ಬದಲಾಗಿ "ಮಸಾಲೆಗೆ ಏನೇನು ಕುಟ್ಟಿ ಹಾಕಿದ್ದೀರಿ, ಒಗ್ಗರಣೆ ಯಾವ ಎಣ್ಣೆಯದು, ರಸ ಗಟ್ಟಿಯಾಗಲು ಏನು ಹಾಕಿದ್ದೀರಿ" ಎಂದು ಕೇಳಬೇಕು. ಹೌದು-ಅಲ್ಲ ಎಂಬ ಉತ್ತರಕ್ಕೆ ಎಡೆಗೊಡದ ಪ್ರಶ್ನೆಗಳಿಂದಲೇ ನಿಜವು ಹೊರಬೀಳುವುದು. ಜೊತೆಗೆ, "ಇದು ತಿಂದರೆ ನನಗೆ ಉಸಿರು ಕಟ್ಟುತ್ತದೆ" ಎಂದು ಕಾರಣವನ್ನೂ ಹೇಳಬೇಕು. ಕಾರಣ ಹೇಳದಿದ್ದರೆ, ಇವನಿಗೆ ರುಚಿಸುವುದಿಲ್ಲವೆಂದೋ ವ್ರತವಿರಬೇಕೆಂದೋ ಅವರು ತಿಳಿಯುವುದು ಸಹಜ. ಕಾರಣ ತಿಳಿದ ಮೇಲೆ ಅಲಕ್ಷ್ಯ ಮಾಡಿದ ಅಡುಗೆಯವರನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಬದಲಾಗಿ ಬೇರೆ ಹಂಚು, ಬೇರೆ ಚಮಚ ತೆಗೆದು ಬಿಸಿರೊಟ್ಟಿ ಮಾಡಿಕೊಟ್ಟವರನ್ನು ಕಂಡಿದ್ದೇನೆ. ಜನಸಂದಣಿ ಏರುವ ಮೊದಲೇ ಹೋಗುವುದು ಇದಕ್ಕೆ ಅನುಕೂಲ. ಒಂದು ಗಂಟೆಯ ಗದ್ದಲದಲ್ಲಿ ಇಂಥ ಸಂಭಾಷಣೆಗೆ ಅವಕಾಶವೆಲ್ಲಿ?

ಎಣ್ಣೆಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ಗೊಂದಲ ಹೆಚ್ಚು. ದೇಹವು ಕೆರಳುವುದು ಪ್ರೋಟೀನಿಗೆ. ಶುದ್ಧವಾದ ಎಣ್ಣೆಯಲ್ಲಿ ಪ್ರೋಟೀನಿಲ್ಲ. ಕಾರ್ಖಾನೆಯಲ್ಲಿ ಚೆನ್ನಾಗಿ ಸಂಸ್ಕರಿಸಿದ ಶೇಂಗಾ ಎಣ್ಣೆಯನ್ನೂ, ಸಂಸ್ಕರಿಸದ ಎಣ್ಣೆಯನ್ನೂ ಶೇಂಗಾ ಒಗ್ಗದ 60 ಮಂದಿಗೆ ಕೊಟ್ಟು ಇಂಗ್ಲೆಂಡಿನಲ್ಲಿ ಪರೀಕ್ಷಿಸಿದರು. ಅದರ ವರದಿ 1997ರಲ್ಲಿ ಪ್ರಕಟವಾಯಿತು. ಸಂಸ್ಕರಿಸಿದ ಎಣ್ಣೆಯಿಂದ ಒಬ್ಬರಿಗೂ ತೊಂದರೆಯಾಗಲಿಲ್ಲ. ಸಂಸ್ಕರಿಸದುದರಿಂದ 6 ಮಂದಿಗೆ ಆಯಿತು. ಹಾಗಾಗಿ ಗಾಣದ ಎಣ್ಣೆಯು ಬೇರೆ ವಿಧದಲ್ಲಿ ಎಷ್ಟೇ ಒಳ್ಳೆಯದಿರಲಿ, ಈ ಜನರ ಪಾಲಿಗೆ ಅದು ಸಲ್ಲದು. ಇನ್ನು ಕರಿಯುವ ಕಡಾಯಿ. ಸಿಂಧನೂರಿನ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಸಂಜೆಯಾದೊಡನೆ ಮಿರ್ಚಿ ಭಜಿಯ ಕಡಾಯಿಗಳು ಏರುತ್ತವೆ. ಅದರ ಹಿಟ್ಟು ಕಡಲೆಯದು. ಭಾರತದಲ್ಲಿ ಕಡಲೆಯೂ ಒಂದು ಮುಖ್ಯವಾದ ಅಲರ್ಜಿಕಾರಕವೆಂದು ಮುಂಬಯಿಯ ವೈದ್ಯರು 2001ರಲ್ಲಿ ವರದಿ ಮಾಡಿದ್ದಾರೆ. ಭಜಿ ಕರಿದ ಎಣ್ಣೆಯಲ್ಲಿಯೇ ಬೇರೆ ತಿಂಡಿಯನ್ನು ಕರಿದರೆ ಕಡಲೆಯ ಅಂಶ ಅದಕ್ಕೂ ಹತ್ತುವುದು. ಭಜಿಯ ಜೊತೆಗೆ ಬರುವ ಸುಸಲಾಕ್ಕೆ ಪುಟಾಣಿ ಹಿಟ್ಟನ್ನು ಹಾಕುತ್ತಾರೆ. ಪುಟಾಣಿಯೆಂದರೆ ಅದೇ ಕಡಲೆ, ಹುರಿದದ್ದು. ಮೇಲೆ ಶೇಂಗಾಕಾಳೂ ಉಂಟು.

ಸಿಂಧನೂರಿನ ಊಟವು ಒಂದೇ ಬಗೆಯದಲ್ಲ ಎಂಬುದನ್ನೂ ನೆನೆಯಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ನಾಡಿನ ಒಂದು ಭಾಗ ಭತ್ತದ ನಾಡಾಯಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಈ ತಾಲ್ಲೂಕಿನಲ್ಲಿ ಪುನರ್ವಸತಿ ದೊರೆಯಿತು. ಹೀಗಾಗಿ ಖಾನಾವಳಿಯ ರೊಟ್ಟಿಯಿಂದ ನಾಲ್ಕು ಹೆಜ್ಜೆ ನಡೆದರೆ ಅನ್ನ-ಪಪ್ಪುಗಳ ಆಂಧ್ರ ಊಟ, ಕ್ಯಾಂಪುಗಳ ಕಡೆಗೆ ಹೋದರೆ ಸಾಸಿವೆಯೂ ಮೀನೂ ಬೆರೆತ ಅಡುಗೆ. ಶೇಂಗಾ ಒಗ್ಗದವನಿಗೆ ಒಂದು ಊಟ ಕೂಡದಿದ್ದರೆ ಇನ್ನೊಂದು ಕೂಡಿಬರಬಹುದು. ಮೀನು ಅಥವಾ ಸಾಸಿವೆ ಒಗ್ಗದವನಿಗೆ ಲೆಕ್ಕ ಬೇರೆಯಾಗುತ್ತದೆ. ಸಾಸಿವೆಯಿಲ್ಲದ ಒಗ್ಗರಣೆಯನ್ನು ಹುಡುಕುವುದು ನಮ್ಮ ನಾಡಿನಲ್ಲಿ ಎಷ್ಟು ಕಷ್ಟವೆಂಬುದನ್ನು ಓದುಗರೇ ಊಹಿಸಬಲ್ಲರು.

ಇಷ್ಟನ್ನು ಓದಿ, ಒಮ್ಮೆ ಮೈ ತುರಿಸಿದ ಕಾರಣಕ್ಕೆ ಯಾರೂ ಊಟವನ್ನು ಬಿಡಬೇಕಾಗಿಲ್ಲ. ನಿಜವಾಗಿ ಆಹಾರ ಒಗ್ಗದವರು ಎಷ್ಟು ಮಂದಿ ಎಂಬುದನ್ನು ಬೆಂಗಳೂರು-ಮೈಸೂರುಗಳ ವಯಸ್ಕರಲ್ಲಿ ವಿಚಾರಿಸಿದ ಒಂದು ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಗಿದೆ. ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪ್ರಶ್ನಿಸಿ, ಕೆಲವರ ರಕ್ತವನ್ನು ಪರೀಕ್ಷಿಸಿ ನೋಡಿದಾಗ, ನೂರಕ್ಕೆ 26.5 ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಸಲ್ಲುವ ಐಜಿಇ ಇದ್ದಿತು. ತಿಂದಾಗ ನಿಜವಾದ ತೊಂದರೆಯಾಗುವ ಸಂಭವವಿದ್ದವರು ನೂರಕ್ಕೆ 1.2 ಮಾತ್ರ. ಹಾಲು ಮತ್ತು ಸೇಬು ಅದರಲ್ಲಿ ಮುಂದಿದ್ದವು. ಅಂತರವನ್ನು ನೋಡಿರಿ! ರಕ್ತದಲ್ಲಿ ಕೊಂಡಿಯಿದ್ದ ಮಾತ್ರಕ್ಕೆ ರೋಗವಿದ್ದಂತಲ್ಲ. ಪರಾಗದ ಪ್ರೋಟೀನಿಗೆಂದು ಹುಟ್ಟಿದ ಕೊಂಡಿಯು ಅದನ್ನು ಹೋಲುವ ಹಣ್ಣು-ಕಾಳಿನ ಪ್ರೋಟೀನನ್ನೂ ಸಡಿಲವಾಗಿ ಹಿಡಿಯಬಲ್ಲುದು, ಆದರೆ ಅದರಿಂದ ಏನೂ ಆಗದೆ ಇರಬಹುದು. ರಕ್ತದ ಒಂದು ಪರೀಕ್ಷೆಯಿಂದ ಮೂವತ್ತು-ನಲವತ್ತು ಆಹಾರಗಳ ಪಟ್ಟಿಯನ್ನು ಕೊಟ್ಟು "ಇವನ್ನೆಲ್ಲ ಬಿಡಿರಿ" ಎನ್ನುವ ಪ್ರಯೋಗಶಾಲೆಗಳ ಮಾತನ್ನು ಈ ಅಂಕಿಗಳ ಬೆಳಕಿನಲ್ಲಿ ತೂಗಿ ನೋಡಬೇಕು. ಭಾರತದ ಶಾಲಾಮಕ್ಕಳಲ್ಲಿ ಈ ಪ್ರಮಾಣವು ಇನ್ನೂ ಕಡಿಮೆ, ನೂರಕ್ಕೆ 0.14 ಎಂದು 2020ರಲ್ಲಿ ವರದಿಯಾಗಿದೆ.

ಬದನೆಕಾಯಿ ನಂಜು ಎಂಬ ನಮ್ಮ ಹಿರಿಯರ ಮಾತಿನ ಬಗ್ಗೆಯೂ ಮೈಸೂರಿನಲ್ಲಿ ಶೋಧನೆ ನಡೆದಿದೆ. 741 ಮಂದಿಯನ್ನು ವಿಚಾರಿಸಿ 2008ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಬದನೆ ತಿಂದ ಮೇಲೆ ಏನಾದರೊಂದು ತೊಂದರೆಯನ್ನು ಹೇಳಿಕೊಂಡವರು ನೂರಕ್ಕೆ ಹತ್ತಿರಹತ್ತಿರ ಹತ್ತು ಮಂದಿ; ಎರಡು ಗಂಟೆಗಳ ಒಳಗೆ ತೊಂದರೆ ಕಂಡವರು 1.4 ಮಂದಿ. ಹಿರಿಯರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬದನೆಯಲ್ಲಿಯೇ ಸ್ವಾಭಾವಿಕವಾಗಿ ಸ್ವಲ್ಪ ಹಿಸ್ಟಮಿನ್ ಇರುವುದರಿಂದ ಐಜಿಇ ಇಲ್ಲದವರಿಗೂ ಬಾಯಿ ತುರಿಸಬಹುದು. ಎಣ್ಣೆಗಾಯಿ ತಿಂದು ಮೈಯುಬ್ಬಿದವನು ತಪ್ಪನ್ನು ಬದನೆಯ ಮೇಲೆ ಹೊರಿಸಿ, ಒಳಗಿನ ಶೇಂಗಾವನ್ನು ಮರೆಯುವ ಸಂಭವವೂ ಇದ್ದೇ ಇದೆ. ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವುದು ಮತ್ತೊಂದು ವಿಷಯ. ಅದು ಹಾಲಿನ ಸಕ್ಕರೆಯನ್ನು ಅರಗಿಸಲಾರದ ದೋಷ. ತ್ರಾಸವಾದರೂ ಪ್ರಾಣಕ್ಕೆ ಅಪಾಯವಿಲ್ಲ.

ಕೂಸಿಗೆ ಶೇಂಗಾ ತೋರಿಸದೆ ಬೆಳೆಸಿದರೆ ಅಲರ್ಜಿ ಬರಲಾರದೆಂದು ಪಶ್ಚಿಮದ ವೈದ್ಯರು ಬಹುಕಾಲ ಹೇಳುತ್ತಿದ್ದರು. ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಉಪದೇಶವನ್ನು ಬುಡಮೇಲುಮಾಡಿತು. ತೀವ್ರವಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ ಆ ಶಿಶುಗಳಲ್ಲಿ, ಶೇಂಗಾವನ್ನು ದೂರವಿಟ್ಟವರ ಪೈಕಿ ಐದನೆಯ ವಯಸ್ಸಿಗೆ ನೂರಕ್ಕೆ 17.2 ಮಂದಿಗೆ ಅಲರ್ಜಿ ಕಂಡಿತು. ಮೊದಲ ವರ್ಷದಿಂದಲೇ ತಿನ್ನುತ್ತ ಬಂದವರಲ್ಲಿ 3.2 ಮಂದಿಗೆ ಮಾತ್ರ. ಹಿಂಡಿ-ಮೊಸರು ನೆಕ್ಕುತ್ತ ಬೆಳೆಯುವ ನಮ್ಮ ಕೂಸುಗಳಿಗೆ ಇದರಿಂದ ಲಾಭವಾಗುತ್ತಿದೆಯೆ? ಆಗುತ್ತಿರಬಹುದು; ಅಷ್ಟರಿಂದಲೇ ನಮ್ಮಲ್ಲಿ ಶೇಂಗಾ ಅಲರ್ಜಿಯೇ ಇಲ್ಲವೆಂದು ಹೇಳಲು ಬಾರದು. ಒಂದು ಮಾತು: ಇಡಿಯ ಕಾಳನ್ನು ಕೂಸಿಗೆ ಕೊಡಬಾರದು, ಗಂಟಲಲ್ಲಿ ಸಿಕ್ಕೀತು.

ಕಾನೂನು ಏನು ಹೇಳುತ್ತದೆ? ಯುರೋಪಿನ ಒಕ್ಕೂಟದಲ್ಲಿ 2014ರ ಡಿಸೆಂಬರಿನಿಂದ ಸಣ್ಣ ಹೋಟೆಲು ಸಹ ಹದಿನಾಲ್ಕು ಪದಾರ್ಥಗಳ ವಿಷಯವನ್ನು ಗಿರಾಕಿಗೆ ತಿಳಿಸಬೇಕು. ಎಳ್ಳು, ಸಾಸಿವೆಗಳೂ ಅದರಲ್ಲಿ ಸೇರಿವೆ. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಪೊಟ್ಟಣದ ಆಹಾರದ ಮೇಲೆ ಅಂಟುಳ್ಳ ಧಾನ್ಯ, ಸಿಗಡಿ-ಏಡಿಗಳು, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಸಲ್ಫೈಟು ಇವುಗಳನ್ನು ಘೋಷಿಸಬೇಕು. ಎಳ್ಳೂ ಸಾಸಿವೆಯೂ ಆ ಪಟ್ಟಿಯಲ್ಲಿ ಬರಲಿಲ್ಲ. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವ ನಾಡಿನವರಿಗೆ ಇದು ಕೊರತೆಯಾಗಿ ಕಾಣದಿರದು. ಊಟದ ಪಟ್ಟಿಯಲ್ಲಿ ಅಲರ್ಜಿಯ ವಿವರ ಬರೆಯುವ ಹೊಣೆಯು ಕೇಂದ್ರ ಪರವಾನಗಿ ಪಡೆದ ಅಥವಾ ಹತ್ತು ಸ್ಥಳಗಳಿಗಿಂತ ಕಡಿಮೆಯಿಲ್ಲದಂತೆ ಶಾಖೆಗಳುಳ್ಳ ಹೋಟೆಲುಗಳಿಗೆ ಸೇರಿದುದು. ಅಶೋಕನ ಹೆಸರಿನ ಶಾಸನದಿಂದ ಪ್ರಸಿದ್ಧವಾದ ಮಸ್ಕಿಯಲ್ಲಿ ಗೋಡೆಯ ಮೇಲೆ ಬರೆದ ಇಂದಿನ ಊಟದ ಹೆಸರುಗಳ ಹೊರತು ಬೇರೆ ಬರೆವಣಿಗೆಯನ್ನು ಖಾನಾವಳಿಯಲ್ಲಿ ನಿರೀಕ್ಷಿಸುವಂತಿಲ್ಲ. ಮನೆಯವರೇ ನಡೆಸುವ ಅಂಗಡಿಗೆ ಅಷ್ಟು ದೊಡ್ಡ ನಿಯಮವನ್ನು ಹೇರುವುದು ನ್ಯಾಯವೂ ಅಲ್ಲವೆಂದು ನನ್ನ ಅಭಿಪ್ರಾಯ. ಆದರೆ ಹಿಂಡಿಗೆ ಬೇರೆ ಚಮಚ ಇಡುವುದಕ್ಕೆ ಕಾಸು ಖರ್ಚಿಲ್ಲ.

ಕೈ ತೊಳೆಯುವ ವಿಷಯವನ್ನು ಇಲ್ಲಿಯೇ ಸೇರಿಸಬಹುದು. ಶೇಂಗಾ ಬೆಣ್ಣೆ ಹಚ್ಚಿದ ಕೈಗಳನ್ನು ಬಗೆಬಗೆಯಾಗಿ ತೊಳೆದು ನೋಡಿದ ಪರೀಕ್ಷೆಯೊಂದು 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಸೋಪು ಹಚ್ಚಿ ತೊಳೆದ ಕೈಗಳಲ್ಲಿ ಶೇಂಗಾದ ಅಂಶ ಉಳಿಯಲಿಲ್ಲ. ಬರಿಯ ನೀರಿನಿಂದ ತೊಳೆದ ಅಥವಾ ಸ್ಯಾನಿಟೈಸರ್ ಸವರಿದ ಕೈಗಳು ಕೆಲವರಲ್ಲಿ ಶುದ್ಧವಾಗಲಿಲ್ಲ. ಕ್ರಿಮಿಯನ್ನು ಕೊಲ್ಲುವ ದ್ರವವು ಪ್ರೋಟೀನನ್ನು ತೊಲಗಿಸುವುದಿಲ್ಲ. ತಟ್ಟೆ, ಮೇಜುಗಳಿಗೂ ಈ ಮಾತು ಅನ್ವಯಿಸುತ್ತದೆ.

ಎಷ್ಟು ಎಚ್ಚರವಿದ್ದರೂ ಒಂದು ದಿನ ತಪ್ಪಿ ತುತ್ತು ಬಾಯಿಗೆ ಹೋದೀತು. ಆಗಿನ ಹತ್ತು ನಿಮಿಷಗಳು ಅಮೂಲ್ಯವಾದುವು. ಬರಿಯ ಗಂಧೆಯಾದರೆ ಆಂಟಿಹಿಸ್ಟಮಿನ್ ಮಾತ್ರೆಯಿಂದ ತುರಿಕೆ ಇಳಿಯುತ್ತದೆ. ಉಸಿರಾಟ, ದನಿ, ಪ್ರಜ್ಞೆ ಇವುಗಳಲ್ಲಿ ಯಾವುದಾದರೂ ಏರುಪೇರಾದರೆ, ಇಲ್ಲವೆ ಗಂಧೆಯ ಜೊತೆಗೆ ವಾಂತಿ ಮರುಕಳಿಸುತ್ತಿದ್ದರೆ, ಆ ಮಾತ್ರೆಯನ್ನು ನಂಬಿ ಕುಳಿತುಕೊಳ್ಳಬಾರದು; ಪಿತ್ತವೆಂದು ನಿಂಬೆಹಣ್ಣಿನ ಪಾನಕ ಕುಡಿಸುತ್ತ ಕಾಲ ಕಳೆಯಬಾರದು. ಆಗ ಪ್ರಾಣ ಉಳಿಸುವ ಔಷಧ ಅಡ್ರಿನಲಿನ್ ಒಂದೇ. ಇದನ್ನು 1901ರಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದವನು ಜಪಾನಿನ ಜೋಕಿಚಿ ತಕಾಮಿನೆ. ಅದು ಹಿಗ್ಗಿದ ರಕ್ತನಾಳಗಳನ್ನು ಬಿಗಿದು, ಬಿಗಿದ ಶ್ವಾಸನಾಳಗಳನ್ನು ಸಡಿಲಿಸಿ, ಹಿಸ್ಟಮಿನ್ ಮಾಡಿದ ಕೆಲಸವನ್ನು ಎರಡೂ ಕಡೆಗಳಲ್ಲಿ ತಿರುಗಿಸುತ್ತದೆ. ವಯಸ್ಕರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಮಗ್ಗುಲಿನ ಸ್ನಾಯುವಿನೊಳಕ್ಕೆ ವೈದ್ಯರು ಚುಚ್ಚುವರು. ಸಾಲದಿದ್ದರೆ ಐದು ನಿಮಿಷಗಳ ಮೇಲೆ ಮತ್ತೊಮ್ಮೆ. ಪರದೇಶಗಳಲ್ಲಿ ರೋಗಿಗಳು ತಾವೇ ಚುಚ್ಚಿಕೊಳ್ಳುವ ಸಿದ್ಧ ಸೂಜಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಟೆಲಿಗೆ ಹೋಗುವರು. ನಮ್ಮಲ್ಲಿ ಅದು ಸುಲಭವಾಗಿ ದೊರೆಯದು. ಅಡ್ರಿನಲಿನ್ನಿನ ಗಾಜಿನ ಆಂಪೂಲು ಮಾತ್ರ ಬಹಳ ಅಗ್ಗದ ವಸ್ತು. ಹಿಂದೆ ಒಮ್ಮೆ ತೀವ್ರವಾಗಿ ನರಳಿದವರು ಅದನ್ನೂ ಸಿರಿಂಜನ್ನೂ ಇಟ್ಟುಕೊಳ್ಳುವ ಬಗೆಯನ್ನು ತಮ್ಮ ವೈದ್ಯರಿಂದಲೇ ಮನೆಯವರ ಸಮಕ್ಷಮದಲ್ಲಿ ಕಲಿತಿರಬೇಕು.

ಆಸ್ಪತ್ರೆ ಮುಟ್ಟುವವರೆಗೆ ರೋಗಿಯನ್ನು ನಡೆಸಬಾರದು, ಎಬ್ಬಿಸಿ ನಿಲ್ಲಿಸಬಾರದು. ಒತ್ತಡ ಕುಸಿದ ರಕ್ತವು ನಿಂತಾಗ ಕಾಲುಗಳಿಗೆ ಇಳಿಯುತ್ತದೆ, ಹೃದಯಕ್ಕೆ ಹಿಂತಿರುಗುವುದು ಕಡಿಮೆಯಾಗುತ್ತದೆ. ಇದು ಬರಿಯ ಭೌತವಿಜ್ಞಾನ. ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರು ಸಿಕ್ಕುತ್ತಿದ್ದರೆ ಕುಳ್ಳಿರಿಸಬಹುದು, ಕಾಲು ಚಾಚಿದಂತೆ. 108ಕ್ಕೆ ಕರೆಮಾಡಿದಾಗ "ಊಟ ಒಗ್ಗದೆ ಉಸಿರು ಕಟ್ಟುತ್ತಿದೆ" ಎಂದೇ ಹೇಳಬೇಕು. ಹೊಟ್ಟೆನೋವು ಎಂದರೆ ಅವಸರ ತಿಳಿಯದು. ಮಸ್ಕಿಯಿಂದ ಎರಡೂ ಕಡೆಯ ತಾಲ್ಲೂಕು ಆಸ್ಪತ್ರೆಗಳಿಗೆ ಅರ್ಧ ಗಂಟೆಗೂ ಮೀರಿದ ಹಾದಿಯಾದುದರಿಂದ, ದೂರದ ದೊಡ್ಡ ಆಸ್ಪತ್ರೆಯನ್ನು ಹುಡುಕದೆ ಅಡ್ರಿನಲಿನ್ ಇರುವ ಹತ್ತಿರದ ಆಸ್ಪತ್ರೆಗೇ ಮೊದಲು ಹೋಗಬೇಕು. ಗುಣವಾದಂತೆ ಕಂಡರೂ ಕೆಲವು ಗಂಟೆಗಳ ಕಾಲ ಅಲ್ಲಿಯೇ ಇರಬೇಕು. ಇಳಿದ ಲಕ್ಷಣಗಳು ಮರಳಿ ಏರಿದ ಪ್ರಸಂಗಗಳುಂಟು.

ಚೇತರಿಸಿಕೊಂಡ ಮೇಲೆ ಕಾರಣವನ್ನು ಗೊತ್ತುಮಾಡುವ ಕೆಲಸ ಉಳಿಯುತ್ತದೆ. ಏನೇನು ತಿಂದೆ, ಎಷ್ಟು ನಿಮಿಷಗಳ ಮೇಲೆ ಮೊದಲ ಚಿಹ್ನೆ ಕಂಡಿತು, ಅಂದು ಯಾವ ಮಾತ್ರೆ ನುಂಗಿದ್ದೆ ಎಂಬುದನ್ನು ಅದೇ ದಿನ ಬರೆದಿಡಬೇಕು. ಚರ್ಮದ ಮೇಲೆ ಮುಳ್ಳು ತಾಗಿಸಿದಂತೆ ಚುಚ್ಚಿ ನೋಡುವ ಪರೀಕ್ಷೆಯಿಂದ ಹೆಚ್ಚಿನ ಪಾಲು ತಿಳಿಯುತ್ತದೆ. ಅದಕ್ಕೆ ಮೊದಲು ಆಂಟಿಹಿಸ್ಟಮಿನ್ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ದಿನ ನಿಲ್ಲಿಸಿರಬೇಕು, ಇಲ್ಲವಾದರೆ ಗಂಧೆಯೇಳದೆ ಪರೀಕ್ಷೆ ಸುಳ್ಳು ಹೇಳುವುದು. ಸಿದ್ಧಪಡಿಸಿದ ಸಾರ ದೊರೆಯದ ಪದಾರ್ಥವಾದರೆ, ಸೂಜಿಯನ್ನು ಮೊದಲು ಆ ಪದಾರ್ಥಕ್ಕೇ ಚುಚ್ಚಿ ಆಮೇಲೆ ಚರ್ಮಕ್ಕೆ ಚುಚ್ಚುವ ಕ್ರಮವೂ ಇದೆ. ಆದುದರಿಂದ ರಾಯಚೂರಿನ ಅಥವಾ ಬಳ್ಳಾರಿಯ ತಜ್ಞರ ಬಳಿಗೆ ಹೋಗುವಾಗ, ಆ ಖಾನಾವಳಿಯ ತಾಯಿಯನ್ನು ಕೇಳಿ, ಅವಳು ಮಸಾಲೆಗೆ ಹಾಕುವ ಪುಡಿಯನ್ನೂ ಹಿಂಡಿಯನ್ನೂ ಒಂದೊಂದು ಚಿಟಿಕೆ ಬೇರೆಬೇರೆ ಕಾಗದದಲ್ಲಿ ಕಟ್ಟಿಸಿಕೊಂಡು, ಮೇಲೆ ಹೆಸರು ಬರೆದು ಒಯ್ಯುವುದು ಒಳ್ಳೆಯದು.